ಬ್ರೌಸಿಂಗ್ ಸೆಂಟರ್‌ಗೆ ಬಿದ್ದ ಗಾಳಗಳು

ಮೋಸ ಹೋಗುವುದಕ್ಕೆ ಬುದ್ಧಿ ಕಡಿಮೆ ಇರಬೇಕೆಂದೇನೂ ಇಲ್ಲ, ಒಂದು ಇಂಟರ್ನೆಟ್ ಕನೆಕ್ಷನ್ ಇದ್ದರೆ ಸಾಕು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕುಮಾರಸ್ವಾಮಿ ಲೇಔಟ್‌ನ ಬಸ್ ಸ್ಟಾಪಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ಹಲವು ವರ್ಷ ಬ್ರೌಸಿಂಗ್ ಸೆಂಟರ್ ನಡೆಸಿದವಳು ನಾನು. ಎರಡು ಸಾವಿರದ ಇಸವಿ ದಾಟಿದ ಹೊಸತು. ಬಹಳ ಮನೆಗಳಿಗೆ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲ; ಬಂದ ಮನೆಗಳಲ್ಲಿ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟಿರುತ್ತಿದ್ದರು. ಹಾಗಾಗಿ ರಿಸಲ್ಟ್ ನೋಡಬೇಕು, ಬಯೋಡೇಟಾ ಕಳಿಸಬೇಕು, ಮಗಳಿಗೆ ಗಂಡು ಹುಡುಕಬೇಕು ಅಂದರೆ ಎಲ್ಲರೂ ನನ್ನ ಪ್ಲೈವುಡ್ ಗೂಡುಗಳಿಗೇ ಬರಬೇಕಿತ್ತು. ಮೋಡೆಮ್ಮು ಕೀಂ ಕೀಂ ಎಂದು ಅತ್ತು ಅತ್ತು ಕನೆಕ್ಟ್ ಆಗುವಷ್ಟರಲ್ಲಿ ಕೆಳಗಿನಿಂದ ಖಾರಾ ಬನ್ನಿನ ವಾಸನೆ ಮೇಲೆ ಬಂದು, ಅರ್ಧ ಜನ ಬಂದ ಕೆಲಸವನ್ನೇ ಮರೆತು ಕೆಳಗಿಳಿದುಬಿಡುತ್ತಿದ್ದರು.

ಜನರಿಗೆ ಈಮೇಲ್ ಬಂದ ಹಿಂದೆಯೇ ಕಳ್ಳರಿಗೂ ಈಮೇಲ್ ಬಂತು. ನಾನು ಓದಿದ್ದು ಬಿ.ಕಾಂ. ಆದರೆ ಕೌಂಟರಿನಲ್ಲಿ ಕೂತವಳು ನಾನೇ ಆದ್ದರಿಂದ, ಇಂಟರ್ನೆಟ್ಟನ್ನು ನಾನೇ ಕಂಡುಹಿಡಿದು ಇವರ ತಲೆಗೆ ಕಟ್ಟಿದ್ದೇನೆ ಎನ್ನುವ ಹಾಗೆ ಎಲ್ಲರೂ ನನ್ನ ಹತ್ತಿರವೇ ಬಂದು ಕೇಳುತ್ತಿದ್ದರು.

ಬೋರ್ಡು ಹಾಕಿದ ಮೇಲೆ

ಒಂದು ಸಲ ನಮ್ಮ ಸೆಂಟರಿಗೆ ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳ ಮೇಲ್ ಯಾರ ಪಾಲೋ ಆಯಿತು. ಮೇಲ್ ಕಂಪನಿಯವರೇ ಬರೆದಂತೆ ಒಂದು ಕಾಗದ ಬಂತಂತೆ, ಇಲ್ಲಿ ಒತ್ತಿ ಅಂದಿತಂತೆ, ಇವಳು ಒತ್ತಿದಳು, ಥೇಟ್ ಅದೇ ಪುಟ ತೆರೆಯಿತು, ಪಾಸ್‌ವರ್ಡ್ ಹಾಕಿದಳು. ಅಷ್ಟೇ. ಮರುದಿನದಿಂದ ಅವಳ ಹೆಸರಿನಲ್ಲಿ ಅವಳ ಗೆಳತಿಯರಿಗೆಲ್ಲ ತೂಕ ಇಳಿಸುವ ಮಾತ್ರೆಯ ಜಾಹೀರಾತು ಹೋಗತೊಡಗಿತು. ಅದರಲ್ಲಿ ಇಬ್ಬರು ಗೆಳತಿಯರು ಇವಳ ಜೊತೆ ಮಾತು ಬಿಟ್ಟರು. ಅವಳು ನನ್ನ ಮುಂದೆ ಕೂತು ಅತ್ತಳು.

ನನಗೂ ಬೇಜಾರಾಗಿ, ಪೇಂಟರ್‌ನನ್ನು ಕರೆಸಿ ದೊಡ್ಡ ಕೆಂಪಕ್ಷರದಲ್ಲಿ ಬೋರ್ಡು ಬರೆಸಿ ಬಾಗಿಲ ಎದುರಿಗೇ ಹಾಕಿಸಿದೆ: 'ನಿಮ್ಮ ಪಾಸ್‌ವರ್ಡನ್ನು ಯಾವುದೇ ಕಾರಣಕ್ಕೂ ಯಾರಿಗೂ ಹೇಳಬೇಡಿ.'

ಆ ವಾರವೇ ಒಬ್ಬರು ಟೈಲರಿಂಗ್ ಕ್ಲಾಸಿನ ಮೇಡಂ ಬಂದರು. ಶ್ರೀನಗರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದವರು. ತಂಗಿಗೆ ಮಗುವಾಗಿತ್ತು, ಅದರ ಫೋಟೋ ಮೇಲ್‌ನಲ್ಲಿ ಬಂದಿತ್ತು. ಮೂಲೆಯ ಕಂಪ್ಯೂಟರ್ ಕೊಟ್ಟೆ. ಬಹಳ ಹೊತ್ತಾದರೂ ಕೀಲಿಯ ಸದ್ದೇ ಇಲ್ಲ. ಹೋಗಿ ನೋಡಿದರೆ ಕೈ ಕಟ್ಟಿಕೊಂಡು, ತುಟಿ ಬಿಗಿದುಕೊಂಡು, ಪರದೆಯನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದಾರೆ.

"ಏನಾಯ್ತು ಮೇಡಂ?" ಅಂದೆ.

"ಪಾಸ್‌ವರ್ಡ್ ಕೇಳ್ತಾ ಇದೆ. ನಾನು ಹೇಳ್ಲಿಲ್ಲ" ಅಂದರು. ಮುಖದಲ್ಲಿ ಗೆದ್ದ ಕಳೆ.

ಕಂಪ್ಯೂಟರಿಗೆ ಮಾತ್ರ ಹೇಳಬಹುದು, ಹೇಳದೆ ಇದ್ದರೆ ಅದು ಒಳಗೆ ಬಿಡುವುದಿಲ್ಲ ಅಂತ ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, ಈ ಕಂಪ್ಯೂಟರ್ ಯಾರದ್ದು ಅಂತ ಕೇಳಿದರು. ನನ್ನದೇ ಅಂದೆ. ಹಾಗಾದರೆ ಅದಕ್ಕೆ ಹೇಳಿದರೂ ಒಂದೇ, ನಿಮಗೆ ಹೇಳಿದರೂ ಒಂದೇ ಅಲ್ವಾ ಅಂದರು. ಕೊನೆಗೆ ಮಗುವಿನ ಮುಖ ನೋಡುವ ಆಸೆಯೇ ಗೆದ್ದಿತು, ಆದರೆ ಒಂದು ಷರತ್ತಿನ ಮೇಲೆ. ಅವರು ಪಾಸ್‌ವರ್ಡ್ ಹಾಕುವಾಗ ಅಂಗಡಿಯಲ್ಲಿರುವವರೆಲ್ಲ ಎದ್ದು ನಿಂತು ಗೋಡೆಯ ಕಡೆ ಮುಖ ಮಾಡಬೇಕು.

ಮಾಡಿದೆವು. ನಾನು, ಇಬ್ಬರು ಕಾಲೇಜು ಹುಡುಗರು, ಮಗಳಿಗೆ ಗಂಡು ಹುಡುಕುತ್ತಿದ್ದ ಒಬ್ಬರು ಅಂಕಲ್, ಎಲ್ಲರೂ ಗೋಡೆ ನೋಡಿಕೊಂಡು ನಿಂತೆವು. ಅದೇ ಹೊತ್ತಿಗೆ ಒಳಗೆ ಬಂದ ಕೊರಿಯರ್‌ನವನು ಏನು ಎತ್ತ ಅಂತ ಒಂದು ಮಾತೂ ಕೇಳದೆ, ಚೀಲ ಕೆಳಗಿಟ್ಟು, ತಾನೂ ಗೋಡೆಗೆ ಮುಖ ಮಾಡಿ ನಿಂತ.

ಮೇಡಂ ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತತೊಡಗಿದರು. ಒಂದೊಂದು ಅಕ್ಷರ ಒತ್ತುವಾಗಲೂ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಅವರ ಅಭ್ಯಾಸ ಅಂತ ನಮಗೆ ಆಗ ಗೊತ್ತಾಯಿತು. "ಎಂ... ಎ... ಎಲ್... ಐ... ಜಿ... ಇ." ಕಂಪ್ಯೂಟರ್ ಒಪ್ಪಲಿಲ್ಲ. ಇನ್ನೊಂದು ಸಲ ಅದೇ ಪಾಠ. ಆಗಲೂ ಒಪ್ಪಲಿಲ್ಲ. ಮೂರನೆಯ ಸಲ ಶುರು ಮಾಡುವಷ್ಟರಲ್ಲಿ ಗೋಡೆಯ ಕಡೆ ತಿರುಗಿದ್ದ ಅಂಕಲ್, ಕತ್ತು ಸ್ವಲ್ಪವೂ ಹೊರಳಿಸದೆ, ಬಹಳ ಮರ್ಯಾದೆಯಿಂದ ಹೇಳಿದರು:

"ಮಲ್ಲಿಗೆಗೆ ಎರಡು ಎಲ್ ಹಾಕಿ ನೋಡಿ ಅಮ್ಮಾ."

ಇಲ್ಲದ ಅಕೌಂಟು

ಬಾಗಲಕೋಟೆ ಕಡೆಯ ಹುಡುಗನೊಬ್ಬ ಬಿಟಿಎಂ ಲೇಔಟ್‌ನಲ್ಲಿ ರೂಮ್ ಮಾಡಿಕೊಂಡು, ನಮ್ಮ ರಸ್ತೆಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. ಊಟದ ಬಿಡುವಿನಲ್ಲಿ ಬಂದು ಮೇಲ್ ನೋಡಿಕೊಂಡು ಹೋಗುವನು. ಬಹಳ ಶಿಸ್ತಿನ ಹುಡುಗ, ಸರ್ಕಾರಿ ಕಾಗದ, ಬ್ಯಾಂಕಿನ ಕಾಗದ ಅಂದರೆ ಎದ್ದು ನಿಂತು ಓದುವಷ್ಟು ಭಯಭಕ್ತಿ.

ಒಂದು ದಿನ ಅವನ ಗೂಡಿನಿಂದ ಕುರ್ಚಿ ಎಳೆದ ಸದ್ದು ಬಂತು. ಹುಡುಗ ಬಿಳಿಚಿಕೊಂಡು ಕೌಂಟರಿಗೆ ಬಂದು, ಅರ್ಜೆಂಟಾಗಿ ಒಂದು ಕಡೆ ಹೋಗಬೇಕು ಅಕ್ಕಾರ, ಆಮೇಲೆ ಬಂದು ಹೇಳ್ತೀನಿ ಅಂದವನೇ ಮೆಟ್ಟಿಲಿಳಿದು ಓಡಿದ. ಊರಲ್ಲಿ ಯಾರಿಗೋ ಹುಷಾರಿಲ್ಲ ಅಂತ ನಾನು ಅಂದುಕೊಂಡೆ. ಮಧ್ಯಾಹ್ನ ಪೂರ್ತಿ ನನಗೆ ಅದೇ ಚಿಂತೆ.

ಸಂಜೆ ಬಂದ. ಬೆವರಿ ಒದ್ದೆಯಾಗಿದ್ದ, ಆದರೆ ಮುಖದಲ್ಲಿ ನಿರಾಳ. ಏನಾಯಿತಪ್ಪ ಅಂದರೆ ಮೇಲ್ ತೆಗೆದು ತೋರಿಸಿದ. ದೊಡ್ಡ ಬ್ಯಾಂಕೊಂದರ ಚಿಹ್ನೆ ಹಾಕಿಕೊಂಡು ಯಾರೋ ಬರೆದಿದ್ದರು: ನಿಮ್ಮ ಅಕೌಂಟಿನ ವಿವರಗಳನ್ನು ಕೂಡಲೇ ತುಂಬದೆ ಹೋದರೆ ಇವತ್ತು ಸಂಜೆಗೆ ಅಕೌಂಟನ್ನು ಮುಚ್ಚಲಾಗುವುದು.

ತುಂಬಿಬಿಟ್ಟೆಯಾ ಅಂತ ಕೇಳಿದೆ. ಇಲ್ಲ ಅಂದ. ಯಾಕೆ ಅಂದರೆ, ತುಂಬುವುದಕ್ಕೆ ಅವನಿಗೆ ಆ ಬ್ಯಾಂಕಿನಲ್ಲಿ ಅಕೌಂಟೇ ಇರಲಿಲ್ಲ.

"ಮತ್ತೆ ಓಡಿ ಹೋಗಿದ್ದೆಲ್ಲಿಗೆ?"

"ಅದಽ ಬ್ಯಾಂಕಿಗೆ ರೀ. ಸಂಜೀಕ ಬಂದ್ ಮಾಡ್ತೀವಿ ಅಂದಾರ. ಅದರೊಳಗ ಒಂದು ಅಕೌಂಟ್ ತಗದ್ ಬಂದೆ."

ಪಾಪ, ಅರ್ಧ ದಿನ ರಜಾ ಹಾಕಿ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿ, ಓನರ್ ಮನೆಗೆ ಹೋಗಿ ಅಡ್ರೆಸ್ಸಿಗೆ ಕಾಗದ ಬರೆಸಿಕೊಂಡು, ಬ್ಯಾಂಕಿನ ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಒಳಗೆ ನುಗ್ಗಿದ್ದಾನೆ. ಇನ್ನು ಕೂತು ಆ ಮೇಲ್‌ಗೆ ಹೊಸ ನಂಬರ್ ತುಂಬಿಬಿಟ್ಟರೆ ತಾನು ಗಂಡಾಂತರದಿಂದ ಪಾರು ಅಂತ ಅವನ ಲೆಕ್ಕ. ಕೀಬೋರ್ಡಿನಿಂದ ಅವನ ಕೈಯನ್ನು ಹೆಚ್ಚುಕಡಿಮೆ ಎಳೆದು ತೆಗೆದೆ. ಇದು ಕಳ್ಳರ ಕೆಲಸ, ಸಾವಿರಾರು ಜನಕ್ಕೆ ಒಂದೇ ಕಾಗದ ಕಳಿಸುತ್ತಾರೆ, ಯಾರಿಗೆ ಅಕೌಂಟ್ ಇದೆ ಯಾರಿಗೆ ಇಲ್ಲ ಅಂತ ಅವರಿಗೇ ಗೊತ್ತಿರುವುದಿಲ್ಲ ಅಂತೆಲ್ಲ ಹೇಳಿದೆ. ಹುಡುಗ ತಲೆಯಾಡಿಸಿ ಕೇಳಿದ. ಆಮೇಲೆ ಬಹಳ ಬೇಸರದಿಂದ ತಲೆ ತಗ್ಗಿಸಿದ.

"ಹಂಗಾರ ಆ ಬ್ಯಾಂಕಿನ ಸಾಹೇಬ್ರಿಗೆ ಭಾಳ ಬ್ಯಾಸರ ಆಗ್ತದ ಬಿಡ್ರಿ ಅಕ್ಕಾರ" ಅಂದ.

ಯಾಕೆ ಅಂತ ಕೇಳಿದೆ. ಅಕೌಂಟ್ ತೆರೆಯುವಾಗ ಆ ಆಫೀಸರ್, ನಮ್ಮ ಬ್ಯಾಂಕಿಗೇ ಯಾಕೆ ಬಂದಿರಿ ಅಂತ ಕೇಳಿದರಂತೆ. ನೀವೇ ಮೇಲ್ ಕಳಿಸಿದ್ದಿರಲ್ರೀ ಅಂತ ಇವನು ಹೇಳಿದನಂತೆ. ಆಫೀಸರ್ ಖುಷಿಯಿಂದ ಎದ್ದು ನಿಂತು, ಹೆಡ್ಡಾಫೀಸಿನವರು ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಜಾಹೀರಾತು ಮಾಡಿದರು ನೋಡಿ ಅಂತ ಪಕ್ಕದ ಟೇಬಲ್ಲಿನವರಿಗೆಲ್ಲ ಹೇಳಿ, ಇವನಿಗೆ ಬಾದಾಮಿ ಹಾಲು ತರಿಸಿಕೊಟ್ಟರಂತೆ.

ಜನರಲ್ ಸಾಹೇಬರ ಹೆಂಡತಿ

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಇಂಜಿನಿಯರ್ ಇದ್ದರು. ಸಂಜೆ ವಾಕಿಂಗ್ ಮುಗಿಸಿ ಬಂದು ಮೇಲ್ ನೋಡಿ ಹೋಗುವವರು. ಅವರಿಗೆ ಮೇಲ್ ಬರುತ್ತಲೇ ಇರಲಿಲ್ಲ. ಆದರೂ ದಿನಾ ನೋಡುತ್ತಿದ್ದರು. ಒಂದು ದಿನ ಬಂದೇಬಿಟ್ಟಿತು. ಯಾವುದೋ ದೂರದೇಶದ ಜನರಲ್ ಒಬ್ಬರ ವಿಧವೆ ಬರೆದಿದ್ದರು. ಗಂಡನನ್ನು ಶತ್ರುಗಳು ಕೊಂದರು, ಆಸ್ತಿ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿದೆ, ಅದನ್ನು ಬಿಡಿಸಿಕೊಳ್ಳಲು ಜಗತ್ತಿನಲ್ಲಿ ನಾನು ನಂಬುವ ಒಬ್ಬನೇ ವ್ಯಕ್ತಿ ನೀವು, ನನ್ನ ಪ್ರೀತಿಪಾತ್ರರೇ, ನಿಮ್ಮ ಬ್ಯಾಂಕಿನ ವಿವರ ಕಳಿಸಿ.

ಇಂಜಿನಿಯರ್ ಸಾಹೇಬರು ಇದನ್ನು ಮನೆಗೆ ಹೋಗಿ ಮುಚ್ಚಿಡಬಹುದಿತ್ತು. ಆದರೆ ಅವರು ಹೆಮ್ಮೆ ತಡೆಯಲಾರದೆ ಹೆಂಡತಿಯ ಮುಂದೆಯೇ ಹೇಳಿಬಿಟ್ಟರು. ಪ್ರಪಂಚದ ಆ ತುದಿಯಲ್ಲಿರುವವಳಿಗೆ ಕೂಡ ನನ್ನ ಪ್ರಾಮಾಣಿಕತೆ ಗೊತ್ತಾಗಿದೆ, ಮನೆಯಲ್ಲಿ ಮಾತ್ರ ಬೆಲೆ ಇಲ್ಲ ಅಂದರಂತೆ.

ಮರುದಿನ ಬೆಳಗ್ಗೆ ನಾನು ಶಟರ್ ಎತ್ತುವ ಮೊದಲೇ ದಂಪತಿ ಮೆಟ್ಟಿಲ ಮೇಲೆ ನಿಂತಿದ್ದರು. ಆಂಟಿ ಮುಂದೆ, ಸಾಹೇಬರು ಹಿಂದೆ. ಒಳಗೆ ಬಂದು ಕೂತ ಆಂಟಿ, ಅವಳು ಏನು ಬರೆದಿದ್ದಾಳೋ ಒಂದಕ್ಷರ ಬಿಡದೆ ಕನ್ನಡದಲ್ಲಿ ಓದಿ ಹೇಳು ಅಂದರು. ನಾನು 'ಪ್ರೀತಿಪಾತ್ರರೇ' ಅನ್ನುವುದನ್ನು 'ಮಾನ್ಯರೇ' ಅಂತ ಮಾಡಿ, ಸಾಹೇಬರ ಪ್ರಾಣ ಉಳಿಸಿ, ಓದತೊಡಗಿದೆ. ಮೊದಮೊದಲು ಆಂಟಿಯ ಮುಖ ಬಿಗಿದೇ ಇತ್ತು. ಜನರಲ್ ಸತ್ತ ಕಥೆ ಬಂತು, ಸ್ವಲ್ಪ ಸಡಿಲಾಯಿತು. ಗಂಡನ ತಮ್ಮಂದಿರು ಆಸ್ತಿ ಹೊಡೆಯಲು ಹೊಂಚು ಹಾಕುತ್ತಿದ್ದಾರೆ, ನನಗೂ ಮಗುವಿಗೂ ಹಾಕಿಕೊಳ್ಳಲು ಬಟ್ಟೆಯಿಲ್ಲ ಅನ್ನುವ ಕಡೆ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಂಟಿ, ಇದೆಲ್ಲ ಸುಳ್ಳು, ವಿಧವೆಯೂ ಇಲ್ಲ ಜನರಲ್ಲೂ ಇಲ್ಲ, ಯಾರೋ ಕಳ್ಳರು ಕೂತು ಬರೀತಾರೆ ಅಂದೆ. ಅವರು ಅರ್ಧಂಬರ್ಧ ನಂಬಿದರು.

"ಇಲ್ದೇ ಇದ್ರೆ ಇಲ್ಲ. ಅಕಸ್ಮಾತ್ ಇದ್ರೆ? ಪಾಪ, ಹೆಣ್ಣುಹೆಂಗಸು. ಒಂದು ಉತ್ತರ ಬರಿ, ನಾನು ಹೇಳ್ತೀನಿ" ಅಂದರು.

ಅವರು ಹೇಳಿದರು, ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ನಿಮ್ಮ ಯಜಮಾನರು ಹೋದದ್ದು ಕೇಳಿ ದುಃಖವಾಯಿತು. ಮೈದುನಂದಿರು ಯಾವ ದೇಶದಲ್ಲಾದರೂ ಹಾಗೇ. ಹೊತ್ತು ಹೊತ್ತಿಗೆ ಊಟ ಮಾಡಿ. ಮಗುವನ್ನು ಸ್ಕೂಲಿಗೆ ಸೇರಿಸಿ. ಆಮೇಲೆ ಆಂಟಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಇದನ್ನು ದೊಡ್ಡ ಅಕ್ಷರದಲ್ಲಿ ಹಾಕು ಅಂದರು. ಗುರುತು ಪರಿಚಯ ಇಲ್ಲದ ಗಂಡಸರಿಗೆಲ್ಲ ಹೀಗೆ ದುಡ್ಡಿನ ವಿಷಯ, ಬ್ಯಾಂಕಿನ ವಿಷಯ ಬರೆಯಬೇಡಿ. ಕಾಲ ಕೆಟ್ಟಿದೆ. ನಿಮಗೆ ಯಾರಾದರೂ ಮೋಸ ಮಾಡಿಬಿಡುತ್ತಾರೆ. ಏನೋ ಅದೃಷ್ಟಕ್ಕೆ ಕಾಗದ ನಮ್ಮ ಮನೆಯವರಿಗೆ ಬಂತು, ಇವರು ಸಾಧು ಮನುಷ್ಯ. ಎಲ್ಲರೂ ಹಾಗೇ ಇರುತ್ತಾರಾ?

ಕಳಿಸಿದೆ. ಸಾಹೇಬರು ಇಡೀ ಹೊತ್ತು ಫ್ಯಾನು ನೋಡುತ್ತ ಕೂತಿದ್ದರು.

ಎರಡು ದಿನ ಬಿಟ್ಟು ಆಂಟಿ ಒಬ್ಬರೇ ಬಂದು, ಆ ಹುಡುಗಿ ಏನಾದರೂ ಬರೆದಳಾ ಅಂತ ಕೇಳಿದರು. ಬರೆದಿದ್ದಳು, ಹಿಂದಿನ ಸಂಜೆ ಸಾಹೇಬರೇ ನನಗೆ ತೋರಿಸಿದ್ದರು. ಆಂಟಿ ಹೇಳಿದ್ದಕ್ಕೆ ಒಂದು ಮಾತಿನ ಉತ್ತರವೂ ಇಲ್ಲ, ಮತ್ತೆ ಅದೇ: ಬ್ಯಾಂಕಿನ ವಿವರ ಬೇಗ ಕಳಿಸಿ, ನಾನು ನಿಮ್ಮನ್ನು ಪೂರ್ತಿ ನಂಬಿದ್ದೇನೆ.

ಆಂಟಿ ನಿಟ್ಟುಸಿರು ಬಿಟ್ಟು ಎದ್ದರು. "ಅಷ್ಟು ಬಿಡಿಸಿ ಹೇಳಿದ್ರೂ ಮತ್ತೆ ನಂಬ್ತೀನಿ ಅಂತಾಳಲ್ಲ. ಇವಳ ದುಡ್ಡು ಉಳಿಯಲ್ಲ ಬಿಡು."

ಇಂಗ್ಲಿಷ್ ಮೇಷ್ಟ್ರ ಶಿಷ್ಯ

ಇನ್ನೊಬ್ಬರು ಇಂಗ್ಲಿಷ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷದ ಮೇಲೆ ಗ್ರಾಮರ್ ಹೇಳಿಕೊಟ್ಟು ರಿಟೈರ್ ಆಗಿ ಬನಶಂಕರಿಯಲ್ಲಿದ್ದರು. ಹೋಟೆಲಿನ ಮೆನುವಿನಲ್ಲಿ ಸ್ಪೆಲಿಂಗ್ ತಪ್ಪಿದ್ದರೆ ತಿದ್ದುವವರೆಗೆ ಆರ್ಡರ್ ಕೊಡುತ್ತಿರಲಿಲ್ಲ. ಮನೆಯಲ್ಲಿ ಮೊಮ್ಮಕ್ಕಳು ಕೂಡ ಅವರನ್ನು ಕಂಡರೆ ಕನ್ನಡದಲ್ಲೇ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದರು.

ಅವರಿಗೆ ಲಾಟರಿ ಹೊಡೆದಿದೆ ಅಂತ ಮೇಲ್ ಬಂತು. ಬಹುಮಾನ ಪಡೆಯಲು ಮೊದಲು ಪ್ರೋಸೆಸಿಂಗ್ ಫೀ ಕಟ್ಟಬೇಕಂತೆ. ಮೇಷ್ಟ್ರು ಅದನ್ನು ಪ್ರಿಂಟ್ ತೆಗೆಸಿ ಓದಿದರು. ಮುಖ ಕಪ್ಪಿಟ್ಟಿತು. ಮೋಸ ಅಂತ ಗೊತ್ತಾಯಿತು ಅಂದುಕೊಂಡೆ. ಆದರೆ ಅವರ ನೋವೇ ಬೇರೆ. 'ಯು ಹ್ಯಾಸ್ ವನ್' ಅಂತ ಬರೆದಿದ್ದಾನೆ ನೋಡಮ್ಮ ಅಂದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಪೂರ್ತಿ ತಿದ್ದಿ, ಕೆಳಗೆ ಮಾರ್ಕ್ಸ್ ಹಾಕಿದರು. ಪಾಸಿಗೆ ಬಹಳ ದೂರ ಇತ್ತು. ಆಮೇಲೆ ಕೂತು, ತಪ್ಪುಗಳನ್ನೆಲ್ಲ ವಿವರಿಸಿ ಲಾಟರಿಯವನಿಗೆ ಉತ್ತರ ಬರೆದರು. ಕೊನೆಯ ಸಾಲು: ಸರಿಯಾಗಿ ಬರೆದು ಕಳಿಸು, ಆಮೇಲೆ ಫೀ ವಿಷಯ ನೋಡೋಣ.

ಅವನು ನಿಜವಾಗಿಯೂ ತಿದ್ದಿ ಬರೆದು ಕಳಿಸಿದ. ಫೀ ಸಿಗುತ್ತದೆ ಅನ್ನುವ ಆಸೆ ಇರಬೇಕು. ಮೇಷ್ಟ್ರು ಮತ್ತೆ ತಿದ್ದಿದರು, ಪಂಕ್ಚುಯೇಶನ್ ಅಂದರೇನು ಅಂತ ಎರಡು ಪುಟ ಬರೆದರು. ಅವನು ಅದನ್ನೂ ಕಲಿತ. ಹೀಗೇ ನಡೆಯಿತು. ಮೇಷ್ಟ್ರು ಬೆಳಗ್ಗೆ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಸ್ಕೂಲಿಗೆ ಹೊರಟವರ ಹಾಗೆ ಬರತೊಡಗಿದರು. ನಡಿಗೆಯಲ್ಲೇ ಚುರುಕು ಬಂದಿತ್ತು.

ನನಗೆ ತಡೆಯಲಾಗಲಿಲ್ಲ. ಮೇಷ್ಟ್ರೇ, ಅವನು ಕಳ್ಳ, ನೀವು ಕಳ್ಳನಿಗೆ ಟ್ಯೂಷನ್ ಹೇಳ್ತಾ ಇದ್ದೀರಿ ಅಂದೆ.

"ಗೊತ್ತಮ್ಮ. ಆದರೆ ಹೇಳಿದ್ದನ್ನ ಮಾಡ್ತಾನೆ. ನನ್ನ ಸರ್ವೀಸಿನಲ್ಲಿ ಅಂಥ ಹುಡುಗರು ಸಿಕ್ಕಿದ್ದೇ ಕಮ್ಮಿ" ಅಂದರು ಮೇಷ್ಟ್ರು.

ಕೆಲವು ತಿಂಗಳ ಮೇಲೆ ಒಬ್ಬರು ಲೆಕ್ಚರರ್ ನಮ್ಮಲ್ಲಿಗೆ ಬಂದರು. ಜೆ.ಪಿ. ನಗರದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು. ಕೈಯಲ್ಲಿ ಒಂದು ಪ್ರಿಂಟು. ತನಗೆ ಲಾಟರಿ ಬಂದಿದೆ, ಫೀ ಕಟ್ಟಲು ಹೋಗುವ ದಾರಿಯಲ್ಲಿದ್ದೇನೆ, ಅದಕ್ಕೆ ಮುಂಚೆ ಒಂದು ಉತ್ತರ ಕಳಿಸಬೇಕು ಅಂದರು. ಮನೆಯಾಕೆಗೆ ಹೇಳಿಲ್ಲ, ಸರ್‌ಪ್ರೈಸ್ ಕೊಡಬೇಕು ಅಂತ ನಾಚಿಕೊಂಡರು. ಇದು ಮೋಸ ಸಾರ್, ದಯವಿಟ್ಟು ಕಟ್ಟಬೇಡಿ ಅಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಮೋಸದ ಮೇಲ್ ಹೇಗಿರುತ್ತದೆ ಅಂತ ತಮಗೆ ಗೊತ್ತಿಲ್ಲವೇ, ಅವುಗಳಲ್ಲಿ ಸಾಲಿಗೊಂದು ತಪ್ಪಿರುತ್ತದೆ, ಇದನ್ನು ಓದಿ ನೋಡಿ, ಸೆಮಿಕೋಲನ್ ಎಲ್ಲಿ ಬರಬೇಕೋ ಅಲ್ಲೇ ಬಂದಿದೆ, ಇಂಥ ಇಂಗ್ಲಿಷ್ ಬರೆಯುವವನು ಕಳ್ಳನಾಗಲು ಸಾಧ್ಯವೇ ಇಲ್ಲ ಅಂದರು.

ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅಷ್ಟರಲ್ಲಿ ಪಕ್ಕದ ಗೂಡಿನಿಂದ ಮೇಷ್ಟ್ರು ಎದ್ದು ಬಂದು ಆ ಹಾಳೆ ಕೊಡಿ ಇಲ್ಲಿ ಅಂದರು. ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಕೆಂಪು ಪೆನ್ನು ಜೇಬಿನಿಂದ ಅರ್ಧ ಹೊರಗೆ ಬಂದಿದ್ದು ಮತ್ತೆ ಒಳಗೆ ಹೋಯಿತು. ಅವರ ಕಣ್ಣು ತುಂಬಿತ್ತು.

"ಒಂದು ಪೈಸೆ ಕಟ್ಟಬೇಡಿ ಸಾರ್" ಅಂದರು. "ಇವನು ನನ್ನ ಸ್ಟೂಡೆಂಟು."

ಉಚಿತ ಉಪನ್ಯಾಸ

ಇಷ್ಟೆಲ್ಲ ಆದ ಮೇಲೆ ಬಡಾವಣೆಯ ಸಂಘದ ಸೆಕ್ರೆಟರಿಯನ್ನು ಹಿಡಿದು, ಒಂದು ಸಭೆ ಮಾಡಿಸಿ ಸಾರ್, ಜನಕ್ಕೆ ಯಾರಾದರೂ ತಿಳಿದವರು ತಿಳಿಸಿ ಹೇಳಲಿ ಅಂತ ಕೇಳಿಕೊಂಡೆ. ಅವರು ಒಪ್ಪಿ, ಇದಕ್ಕೆ ಏನಂತ ಹೆಸರು ಅಂತ ಕೇಳಿದರು. ಫಿಶಿಂಗ್ ಅಂತಾರೆ ಸಾರ್ ಅಂದೆ. ಸೆಕ್ರೆಟರಿ ಅಪ್ಪಟ ಕನ್ನಡಾಭಿಮಾನಿ, ಸಂಘದ ನೋಟೀಸಿನಲ್ಲಿ ಒಂದು ಇಂಗ್ಲಿಷ್ ಪದ ಬರಲು ಬಿಡುವವರಲ್ಲ. ಮರುದಿನ ಪಾರ್ಕಿನ ಗೇಟಿಗೆ ನೋಟೀಸು ಬಿತ್ತು: 'ಭಾನುವಾರ ಬೆಳಗ್ಗೆ ದೇವಸ್ಥಾನದ ಸಭಾಂಗಣದಲ್ಲಿ ಮೀನು ಹಿಡಿಯುವಿಕೆ ಕುರಿತು ಉಚಿತ ಕಾರ್ಯಕ್ರಮ. ಎಲ್ಲರಿಗೂ ಸ್ವಾಗತ.'

ಸಂಘದ ಅರ್ಧ ಜನ ಸಿಟ್ಟಿನಿಂದ, ದೇವಸ್ಥಾನದ ಹಾಲ್‌ನಲ್ಲಿ ಇದೆಂಥ ಅನಾಚಾರ ಅಂತ ಕೇಳಲು ಬಂದರು. ಇನ್ನರ್ಧ ಜನ ಸಂತೋಷದಿಂದ ಬಂದರು. ಒಟ್ಟಿನಲ್ಲಿ ಸಂಘದ ಯಾವ ಸಭೆಗೂ ಸೇರದಷ್ಟು ಜನ ಸೇರಿದರು. ಭಾಷಣ ಮಾಡಲು ಬಂದವರು ನಮ್ಮ ಮುಖ್ಯರಸ್ತೆಯ ಬ್ಯಾಂಕಿನ ಮ್ಯಾನೇಜರ್. ಒಳ್ಳೆಯ ಮಾತುಗಾರರು. ಕಳ್ಳರು ಮೊದಲು ಹೆದರಿಸುತ್ತಾರೆ, ಆಮೇಲೆ ಅವಸರ ಮಾಡುತ್ತಾರೆ, ದೊಡ್ಡವರ ಹಾಗೆ ಗತ್ತಿನಲ್ಲಿ ಮಾತಾಡುತ್ತಾರೆ, ಬ್ಯಾಂಕಿನವರು ಮಾತ್ರ ಯಾವತ್ತೂ ಗುಟ್ಟಿನ ನಂಬರ್ ಕೇಳುವುದಿಲ್ಲ ಅಂತ ಎಳೆ ಎಳೆಯಾಗಿ ಬಿಡಿಸಿ ಹೇಳಿದರು. ಎಲ್ಲರೂ ತಲೆದೂಗಿ ಚಪ್ಪಾಳೆ ಹೊಡೆದರು. ಏನಾದರೂ ಪ್ರಶ್ನೆ ಇದೆಯೇ ಅಂದಾಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಕೈಯಲ್ಲಿ ಮಡಚಿದ ವೈರು ಬುಟ್ಟಿ.

"ಎಲ್ಲಾ ಸರಿ ಸಾರ್. ಹಂಚೋದು ಎಷ್ಟೊತ್ತಿಗೆ?"

ಅಜ್ಜಿ ಮತ್ತು ಮ್ಯಾನೇಜರ್

ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದವರು ನಮ್ಮ ಬೀದಿಯ ಅಜ್ಜಿ. ಟೀಚರ್ ಆಗಿದ್ದ ಮಗಳ ಮನೆಯಲ್ಲಿದ್ದರು. ವಯಸ್ಸು ಎಂಬತ್ತರ ಹತ್ತಿರ, ಜ್ಞಾಪಕಶಕ್ತಿ ಇಪ್ಪತ್ತರದ್ದು. ಮ್ಯಾನೇಜರ್ ಹೇಳಿದ್ದನ್ನು ಹರಿಕಥೆ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿ, ಒಂದು ಮಾತೂ ಬಿಡದೆ ಮನಸ್ಸಿನಲ್ಲಿಟ್ಟುಕೊಂಡು ಹೋದರು.

ಕೆಲವು ದಿನಗಳಾದ ಮೇಲೆ ಮ್ಯಾನೇಜರ್ ಅಜ್ಜಿಯ ಮನೆಗೆ ಫೋನ್ ಮಾಡಿದರು. ಅಜ್ಜಿಯ ಡೆಪಾಸಿಟ್‌ನ ಅವಧಿ ಮುಗಿದಿತ್ತು, ಬಂದು ಒಂದು ಸೈನ್ ಹಾಕಿ ಅಂತ ಹೇಳಬೇಕಿತ್ತು, ಅಷ್ಟೇ. ಮಗಳು ಸ್ಕೂಲಿಗೆ ಹೋಗಿದ್ದರಿಂದ ಫೋನ್ ತೆಗೆದದ್ದು ಅಜ್ಜಿ. ಆಮೇಲೆ ನಡೆದದ್ದನ್ನು ನಾನು ಎರಡು ಕಡೆಯಿಂದಲೂ ಕೇಳಿದ್ದೇನೆ, ಎರಡೂ ತಾಳೆಯಾಗುತ್ತವೆ.

ನಾನು ಬ್ಯಾಂಕ್ ಮ್ಯಾನೇಜರ್ ಅಂದರು ಅವರು. ಹಾಗಂತ ಎಲ್ಲ ಕಳ್ಳರೂ ಹೇಳುತ್ತಾರೆ ಅಂದರು ಅಜ್ಜಿ. ಮ್ಯಾನೇಜರ್ ನಕ್ಕು, ಭೇಷ್ ಅಜ್ಜಿ, ಭಾಷಣ ಚೆನ್ನಾಗಿ ಕೇಳಿದ್ದೀರಿ ಅಂದರು. ಅಜ್ಜಿ ನಗಲಿಲ್ಲ. ನೀನು ಮ್ಯಾನೇಜರೇ ಆಗಿದ್ದರೆ ಪುರಾವೆ ಕೊಡು, ಹುಟ್ಟಿದ ತಾರೀಕು ಹೇಳು ಅಂದರು. ಹೇಳಿದರು. ತಾಯಿಯ ಹೆಸರು ಕೇಳಿದರು. ಹೇಳಿದರು. ತಾಯಿಯ ತವರು ಯಾವುದು ಅಂತ ಕೇಳಿದರು. ಅದನ್ನೂ ಹೇಳಿದರು. ಇದನ್ನೆಲ್ಲ ಯಾರು ಬೇಕಾದರೂ ತಿಳಕೊಂಡು ಬರಬಹುದು ಅಂತ ಅಜ್ಜಿ ತಳ್ಳಿಹಾಕಿದರು. ಬ್ಯಾಂಕಿನಲ್ಲಿ ತಿಂಗಳ ಕೊನೆಯ ಗಲಾಟೆ, ಮ್ಯಾನೇಜರ್ ಮುಂದೆ ನಾಲ್ಕಾರು ಜನ ಚೆಕ್ ಹಿಡಿದು ನಿಂತಿದ್ದಾರೆ, ಇನ್ನೊಂದು ಫೋನು ಬಡಕೊಳ್ಳುತ್ತಿದೆ. ಆಗ ಅಜ್ಜಿ ದನಿ ಏರಿಸಿದರು. ಈಗಿಂದೀಗಲೇ ಸರಿಯಾದ ಪುರಾವೆ ಕೊಡದೆ ಹೋದರೆ ನನ್ನ ಡೆಪಾಸಿಟ್ ಪೂರ್ತಿ ತೆಗೆದು ಎದುರುಗಡೆಯ ಬ್ಯಾಂಕಿಗೆ ಹಾಕುತ್ತೇನೆ, ನಿಮ್ಮ ಹೆಡ್ಡಾಫೀಸಿಗೂ ಬರೆಯುತ್ತೇನೆ ಅಂದರು.

ಏನು ಪುರಾವೆ ಬೇಕು ಅಜ್ಜಿ, ಹೇಳಿ ಅಂದರು ಮ್ಯಾನೇಜರ್.

"ಬ್ಯಾಂಕಿನೋನು ಅಂದ್ಮೇಲೆ ಆ ಯಂತ್ರದ ಕಾರ್ಡು ಇರಬೇಕಲ್ಲ. ಅದರ ನಂಬರ್ ಓದು."

ಮ್ಯಾನೇಜರ್ ಪರ್ಸಿನಿಂದ ಎಟಿಎಂ ಕಾರ್ಡ್ ತೆಗೆದು ಓದಿದರು.

"ಇನ್ನು ಆ ಗುಟ್ಟಿನ ನಂಬರು."

ಅದನ್ನೂ ಹೇಳಿದರು. ಆಮೇಲೆ ನನ್ನ ಹತ್ತಿರ ಹೇಳಿಕೊಂಡಂತೆ, ಆ ಗದರಿಕೆ ಥೇಟ್ ಅವರ ಸ್ವಂತ ಅಜ್ಜಿಯ ಗದರಿಕೆ ಇದ್ದ ಹಾಗಿತ್ತಂತೆ. ತಲೆ ಬೇಡ ಅನ್ನುವ ಮೊದಲೇ ಬಾಯಿ ಹೇಳಿಬಿಟ್ಟಿತಂತೆ.

ಈಗ ನಂಬಿಕೆ ಬಂತಪ್ಪ, ನಾಳೆ ಬಂದು ಸೈನ್ ಹಾಕುತ್ತೇನೆ ಅಂತ ಅಜ್ಜಿ ಫೋನ್ ಇಟ್ಟರು. ಮ್ಯಾನೇಜರ್ ಇನ್ನೊಂದು ಚೆಕ್ಕಿಗೆ ಸೈನ್ ಹಾಕಲು ಪೆನ್ನು ಎತ್ತಿದವರು, ಎತ್ತಿದ ಪೆನ್ನು ಎತ್ತಿದಂತೆಯೇ ಕೂತರಂತೆ. ಐದು ನಿಮಿಷದಲ್ಲಿ ನನ್ನ ಸೆಂಟರಿನ ಮೆಟ್ಟಿಲು ಹತ್ತಿ ಬಂದರು. ನೀವು ಒಂದು ಸ್ವಲ್ಪ ಜೊತೆಗೆ ಬನ್ನಿ ಮೇಡಂ, ಒಬ್ಬನೇ ಹೋದರೆ ಬಾಗಿಲು ತೆಗೆಯುತ್ತಾರೋ ಇಲ್ಲವೋ ಅಂದರು.

ಹೋದೆವು. ದಾರಿಯಲ್ಲೇ ಅಜ್ಜಿ ಕಂಡರು. ತರಕಾರಿ ಗಾಡಿಯ ಸುತ್ತ ಬೀದಿಯ ಹೆಂಗಸರೆಲ್ಲ ನಿಂತಿದ್ದರು, ಅಜ್ಜಿ ನಡುವೆ ನಿಂತು, ತಾನು ಬ್ಯಾಂಕಿನ ಮ್ಯಾನೇಜರನ್ನು ಹೇಗೆ ಪರೀಕ್ಷೆ ಮಾಡಿದೆ ಅಂತ ವರ್ಣಿಸುತ್ತಿದ್ದರು. ಕಾರ್ಡಿನ ನಂಬರ್ ಕೂಡ ಓದಿಸಿಬಿಟ್ಟೆ ಅಂದರು. ಅಷ್ಟು ಉದ್ದದ ನಂಬರ್ ನಿಮಗೆ ನೆನಪಿದೆಯಾ ಅಂತ ಯಾರೋ ಕೇಳಿದರು. ಅಜ್ಜಿ ಗಂಟಲು ಸರಿಮಾಡಿಕೊಂಡರು. ಸೂಟು ಬೂಟಿನ ಆ ದೊಡ್ಡ ಮನುಷ್ಯ ರಸ್ತೆಯಲ್ಲಿ ಓಡಿದ್ದನ್ನು ನಾನು ಅವತ್ತೇ ನೋಡಿದ್ದು.

ಮೊದಲ ನಾಲ್ಕು ಅಂಕಿ ಹೊರಗೆ ಬಿದ್ದಾಗಿತ್ತು, ಅಷ್ಟರಲ್ಲಿ ತಲುಪಿದರು. ಅಜ್ಜಿಯನ್ನು ಪಕ್ಕಕ್ಕೆ ಕರೆದು ಕೈ ಮುಗಿದು, ದಯವಿಟ್ಟು ಅದನ್ನು ಮರೆತುಬಿಡಿ ಅಂದರು. ಸ್ತೋತ್ರಗಳೇ ಮರೆತಿಲ್ಲ, ಇದನ್ನು ಹೇಗಪ್ಪಾ ಮರೆಯೋದು ಅಂದರು ಅಜ್ಜಿ. ಹೊಸ ಕಾರ್ಡು ಮಾಡಿಸುವುದೊಂದೇ ದಾರಿ ಅಂತ ಮ್ಯಾನೇಜರಿಗೆ ಅರ್ಥವಾಯಿತು. ಹಣೆಯ ಬೆವರು ಒರೆಸಿಕೊಂಡು, ಬಹಳ ನೊಂದು ಕೇಳಿದರು.

"ಅಷ್ಟು ಹೊತ್ತು ನಿಂತು ಹೇಳಿದ್ನಲ್ಲ ಅಜ್ಜಿ. ಗುಟ್ಟಿನ ನಂಬರ್ ಕೇಳಬಾರದು ಅಂತ ಗೊತ್ತಿದ್ದೂ ಕೇಳ್ಬಹುದಾ ನೀವು?"

ಅಜ್ಜಿ ಬೀನ್ಸ್ ಆರಿಸುತ್ತಲೇ ಉತ್ತರ ಕೊಟ್ಟರು.

"ಬ್ಯಾಂಕಿನೋರು ಯಾವತ್ತೂ ಕೇಳಲ್ಲ ಅಂತ ಹೇಳಿದ್ದೆ ನೀನು. ನಾನೇನು ಬ್ಯಾಂಕಿನೋಳಾ?"